ಅಕ್ಕ ಎಳೆದುಕೊಂಡ ಕಂಬಳಿ

ಕನಸಿನ ಮಾತು ಯಾರಾದರೂ ತೆಗೆದರೆ ನಾನು ಹಿಂದೆಲ್ಲ ಅವರೆದುರೇ ನಕ್ಕುಬಿಡುತ್ತಿದ್ದೆ. ಕೊಪ್ಪದಲ್ಲಿ ಹೊಲಿಗೆ ಅಂಗಡಿ ಇಟ್ಟವಳು ನಾನು. ಟೇಪಿಗೆ ಸಿಕ್ಕಿದ್ದನ್ನು ಮಾತ್ರ ನಂಬುವ ಸ್ವಭಾವ. ಆ ಒಂದು ರಾತ್ರಿಯ ನಂತರ ನಗುವುದನ್ನು ಬಿಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದಿನ ಚಳಿಗಾಲ. ತಿಂಗಳಿಡೀ ರಾತ್ರಿ ಬೆವರುತ್ತಿದ್ದೆ. ದಿಂಬು, ನೈಟಿ ಎಲ್ಲ ತೊಯ್ದು ತೊಪ್ಪೆಯಾಗಿ, ಎದ್ದು ಬಟ್ಟೆ ಬದಲಿಸಬೇಕಾಗುತ್ತಿತ್ತು. ನಮ್ಮ ಕಡೆ ಬೆವರೆಂದರೆ ಒಳ್ಳೆಯ ಲಕ್ಷಣ. ಜ್ವರದವರಿಗೆ ಕಾಳುಮೆಣಸಿನ ಕಷಾಯ ಕುಡಿಸಿ, ಕಂಬಳಿ ಹೊದೆಸಿ ಬೆವರಿಸುತ್ತಾರೆ. ಬೇಗಾರಿನಲ್ಲಿರುವ ನನ್ನ ಅಕ್ಕನೂ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದಳು. ನಾನೂ ದಿನಾ ಹಾಗೇ ಮಾಡಿದೆ. ಸಂಜೆಯಾದರೆ ಮೈ ಬಿಸಿ, ಕತ್ತಿನಲ್ಲಿ ನೋವಿಲ್ಲದ ಗಂಟು. ಸಡಿಲವಾದ ರವಿಕೆಗೆ ಎರಡು ಸಲ ಹೊಲಿಗೆ ಹಿಡಿದೆ. ಊರವರ ಅಳತೆಯೆಲ್ಲ ಬಾಯಲ್ಲೇ ಇರುವ ನನಗೆ ನನ್ನ ಅಳತೆ ಇಳಿದದ್ದು ಮಾತ್ರ ತಲೆಗೆ ಹೋಗಲಿಲ್ಲ.

ಆ ರಾತ್ರಿ ಕನಸಿನಲ್ಲಿ ನಾವಿಬ್ಬರೂ ಚಿಕ್ಕವರು. ತವರಿನ ಜಗಲಿಯಲ್ಲಿ ಒಂದೇ ಕಂಬಳಿಯಡಿ ಮಲಗಿದ್ದೆವು. ಅಕ್ಕ ಅದನ್ನು ಮೆಲ್ಲಮೆಲ್ಲಗೆ ತನ್ನ ಕಡೆಗೆ ಎಳೆದುಕೊಳ್ಳುತ್ತಲೇ ಇದ್ದಳು. ನನಗೆ ಜಗಳಾಡಬೇಕೆನಿಸಲಿಲ್ಲ. ತಣ್ಣನೆಯ ಗಾಳಿ ಮೈಮೇಲೆ ಹರಿದು ಹೋಗುತ್ತಿತ್ತು, ಹಾಯೆನಿಸುತ್ತಿತ್ತು. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಕಂಬಳಿ ನನ್ನ ಮೈಮೇಲೇ ಇತ್ತು. ತಿಂಗಳಲ್ಲಿ ಮೊದಲ ಸಲ ಹಾಸಿಗೆ ಒದ್ದೆಯಾಗಿರಲಿಲ್ಲ.

ಅಷ್ಟರಲ್ಲೇ ಅಕ್ಕನ ಫೋನ್ ಬಂತು.

“ರಾತ್ರಿಯಿಡೀ ಬೆವರಿದೆ ಮಾರಾಯ್ತಿ, ಬಟ್ಟೆ ಹಿಂಡಿದ್ರೆ ನೀರು ಬರ್ತದೆ. ನೀನು ದಿನಾ ಹೀಗಾ ಒದ್ದೆ ಆಗೂದು? ನಾನು ಹೇಳಿದ್ದು ತಪ್ಪು ಕಣೆ. ಇದು ಜ್ವರ ಬಿಡೋ ಬೆವರಲ್ಲ. ಆಸ್ಪತ್ರೆಗೆ ಹೊರಡು, ನಾನೂ ಬರ್ತೇನೆ.”

ಗಂಟಿಗೆ ಸೂಜಿ ಹಾಕಿ ಮಾಡಿದ ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು. ಚಳಿಯಲ್ಲೂ ಹಾಸಿಗೆ ತೊಯ್ಯುವಷ್ಟು ಬೆವರು ದಿನಾ ಬರುತ್ತಿದ್ದರೆ, ಜೊತೆಗೆ ಜ್ವರ, ಗಂಟು, ಬಿಡದ ಕೆಮ್ಮು ಇದ್ದರೆ, ತೂಕ ಇಳಿಯುತ್ತಿದ್ದರೆ ಕಷಾಯ ಕುಡಿದು ಕೂರುವುದೇ ಎಂದು ಡಾಕ್ಟರು ಗದರಿದರು. ಇನ್ನೂ ತಡವಾಗಿದ್ದರೆ ಜೀವಕ್ಕೇ ಕಷ್ಟವಿತ್ತಂತೆ. ಆರು ತಿಂಗಳು ಮಾತ್ರೆ ನುಂಗಿ ಗುಣವಾದೆ. ಅಕ್ಕನನ್ನೂ ಪರೀಕ್ಷಿಸಿದರು, ಏನೂ ಸಿಗಲಿಲ್ಲ. ಅವಳಿಗೆ ಮತ್ತೆಂದೂ ಹಾಗೆ ಬೆವರಲಿಲ್ಲ.

ಕಾಕತಾಳೀಯ ಎಂದು ನಾನೇ ಮುಗಿಸಿಬಿಡುತ್ತಿದ್ದೆ. ಆದರೆ ಕನಸಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಿದ್ದಾಗ ಅಕ್ಕ ತಾನಾಗಿಯೇ ಅಂದಳು: “ಕಂಬಳಿ ಎಳ್ಕೊಂಡೆ ಅಂತ ಸಿಟ್ಟು ಮಾಡ್ಕೋಬೇಡ.”

ಅವಳ ಕೈ ಹಿಡಿದುಕೊಂಡೆ. ಯಾವ ಕಂಬಳಿ ಎಂದು ಇವತ್ತಿಗೂ ಕೇಳಿಲ್ಲ.