ಮಾವಿನ ಮರದ ಕೆಳಗಿನ ಸ್ಕೂಟರ್

ಹಾಲಿನ ಪ್ಯಾಕೆಟ್ ಒಳಗಿಟ್ಟು, ಬಾಗಿಲಿಗೆ ರಂಗೋಲಿ ಎಳೆದು, ಮನೆಯವರ ಡಬ್ಬಿಗೆ ಚಪಾತಿ ಸುತ್ತುತ್ತಿದ್ದೆ. ಅಂಗಳದಿಂದ ಅವರ ಕೂಗು ಕೇಳಿಸಿತು.

"ಬಂದು ನೋಡೇ ಇಲ್ಲಿ! ಮೇಲಿನೋರು ಮತ್ತೆ ಪಾಯಸದ ಪಾತ್ರೆ ತೊಳ್ದು ಸುರಿದಿದಾರೆ!"

ಮಾವಿನ ಮರದ ಕೆಳಗೆ ನಿಲ್ಲಿಸುತ್ತಿದ್ದ ಸ್ಕೂಟರಿನ ಸೀಟು ಆ ವಾರವೆಲ್ಲ ಅಂಟಂಟು. ಕೂತು ಎದ್ದರೆ ಪ್ಯಾಂಟು ಸೀಟನ್ನು ಬಿಡಲೊಲ್ಲದು.

"ಸಾಯಂಕಾಲ ಬಂದು ಕೇಳೇ ಕೇಳ್ತೀನಿ," ಎಂದು ಹೊರಟರು.

ಮೇಲಿನ ಮನೆಯ ಆಂಟಿ ನಮ್ಮ ಓನರ್ ಮಾತ್ರವಲ್ಲ, ಮೆಟ್ರೋ ಇನ್ನೂ ಬಾರದ ಆ ವಿಜಯನಗರದಲ್ಲಿ ನನಗಿದ್ದ ಒಬ್ಬರೇ ಗೆಳತಿ. ಇವರು ಜಗಳ ತೆಗೆದರೆ ಮಧ್ಯಾಹ್ನದ ಹರಟೆ, ಜೊತೆಗೆ ಮಾರ್ಕೆಟ್ಟಿಗೆ ಹೋಗುವುದು, ಎಲ್ಲ ಮುಗಿದ ಹಾಗೆ.

ಆಂಟಿ ಆಗಲೇ ಬೀಗ ಹಾಕಿಕೊಂಡು ಅತ್ತಿಗುಪ್ಪೆಯ ತಂಗಿಯ ಮನೆಗೆ ಹೋಗಿದ್ದರು. ಸ್ಕೂಟರ್ ನಿಲ್ಲುವ ಜಾಗದಲ್ಲಿ ಸ್ಟೀಲ್ ತಟ್ಟೆಯೊಂದನ್ನು ಇಟ್ಟೆ. ಮಧ್ಯಾಹ್ನಕ್ಕೆ ಅದರ ತುಂಬ ಸಾಸಿವೆಗಿಂತ ಸಣ್ಣ ಹನಿಗಳು. ಇರುವೆಗಳು ಆಗಲೇ ಸಾಲು ಹಿಡಿದಿದ್ದವು. ಬೆರಳಿಗೆ ತಾಗಿಸಿ ನಾಲಿಗೆಗಿಟ್ಟೆ. ಸಿಹಿ! ಬೀಗ ಹಾಕಿದ ಮನೆಯಿಂದ ಪಾಯಸ ಸುರಿಯುವುದುಂಟೆ?

ತಲೆಯೆತ್ತಿದೆ. ಮರ ಹೂ ಬಿಟ್ಟಿತ್ತು. ಕೆಳಗಿನ ಕೊಂಬೆಯ ಹೂಗೊಂಚಲಿಗೆ ಕಂದು ಬಣ್ಣದ ಪುಟ್ಟ ಹುಳಗಳು ಮೂತಿ ಚುಚ್ಚಿಕೊಂಡು ಕೂತಿದ್ದವು.

ಕಾನ್ವೆಂಟಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ಬಿಡಿಸಿದ್ದ ಕಾಂಡದ ಚಿತ್ರ ನೆನಪಾಯಿತು. ನೀಲಿ ಚಾಕ್‌ಪೀಸಿನ ಕೊಳವೆಯಲ್ಲಿ ಬೇರಿನ ನೀರು ಮೇಲಕ್ಕೆ. ಕೆಂಪು ಕೊಳವೆಯಲ್ಲಿ ಎಲೆ ಮಾಡಿದ ಸಕ್ಕರೆ ಹೂವಿಗೆ, ಕಾಯಿಗೆ, ಬೇರಿಗೆ, ಎಲ್ಲಿ ಬೇಕೋ ಅಲ್ಲಿಗೆ. ಆ ಕೆಂಪು ಪೈಪಿಗೇ ಈ ಹುಳಗಳು ಕಳ್ಳ ಕನೆಕ್ಷನ್ ಹಾಕಿಕೊಂಡಿದ್ದವು! ಒಳಗಿನ ಒತ್ತಡಕ್ಕೆ ಪಾನಕ ತಾನಾಗಿಯೇ ಬಾಯಿಗೆ ನುಗ್ಗಬೇಕು, ಹೆಚ್ಚಾದದ್ದು ಹೊರಗೆ ಬರಬೇಕು. ನೋಡುತ್ತಿದ್ದಂತೆ ಒಂದರ ಹಿಂಭಾಗದಲ್ಲಿ ಹನಿ ಕಟ್ಟಿ ಉದುರಿತು.

ಹಿಂಭಾಗದಲ್ಲಿ! ಓಡಿ ಹೋಗಿ ಬಾಯಿ ಮುಕ್ಕಳಿಸಿದೆ.

ಸಾಯಂಕಾಲ ಇವರು ಜಗಳಕ್ಕೆ ಸಿದ್ಧವಾಗಿಯೇ ಬಂದರು. ತಟ್ಟೆ ಮುಂದೆ ಹಿಡಿದೆ. ಬೆರಳಿಟ್ಟು ನೆಕ್ಕಿದರು.

"ನಾನ್ ಹೇಳ್ಲಿಲ್ವಾ? ಪಾಯಸಾನೇ!"

"ಪಾಯಸ ಅಲ್ಲಾರೀ. ಹುಳ ಮಾಡಿರೋದು."

ನಲ್ಲಿಯ ಕಡೆ ಓಡಿದರು. ಅವರು ಉಗುಳಿ ಮುಗಿಸುವಷ್ಟರಲ್ಲಿ ಮರ, ಪೈಪು, ಹುಳದ ಕತೆಯನ್ನೆಲ್ಲ ಹೇಳಿದೆ. ಅವರ ಮುಖ ಸಣ್ಣದಾಯಿತು. ಅದೇ ಹೊತ್ತಿಗೆ ಆಂಟಿ ಗೇಟು ತೆಗೆದರು. ಇವರು ಮೆತ್ತಗೆ, "ಆಂಟಿ, ಸೀಟು ಅಂಟಾಗೋದು ಮರದ ಹುಳದಿಂದಾನಂತೆ. ಸ್ಕೂಟರ್ ಆ ಕಡೆ ನಿಲ್ಲಿಸ್ಕೋತೀನಿ," ಎಂದರು.

ಆಂಟಿ ಮೆಟ್ಟಿಲು ಹತ್ತುತ್ತಲೇ ಅಂದರು: "ಹೌದಾ? ನಾನೆಲ್ಲೋ ನೀವು ಆಫೀಸಿಂದ ಬರ್ತಾ ಜಿಲೇಬಿ ತಿಂದು, ಹೆಂಡ್ತಿಗೆ ಗೊತ್ತಾಗ್ದೇ ಇರ್ಲಿ ಅಂತ ಸೀಟಿಗೆ ಕೈ ಒರೆಸ್ಕೋತೀರ ಅನ್ಕೊಂಡಿದ್ದೆ."