ಡ್ರಾಯಿಂಗ್ ಸಾರ್ ಹೊಡೆದುಹಾಕಿದ ಸಾಲು

ನಮ್ಮ ಡ್ರಾಯಿಂಗ್ ಸಾರ್ ಬಣ್ಣ ಕಲಸುತ್ತಿದ್ದುದು ತಟ್ಟೆಯಲ್ಲಲ್ಲ, ಎಡ ಅಂಗೈಯಲ್ಲಿ. ಹೆಬ್ಬೆರಳ ಬುಡದ ದಪ್ಪ ಜಾಗದಲ್ಲಿ ಒಂದಿಷ್ಟು ಹಳದಿ, ಪಕ್ಕದಲ್ಲಿ ಒಂದು ಚುಕ್ಕೆ ನೀಲಿ. ಬಲಗೈ ಕಿರುಬೆರಳಿನಿಂದ ಎರಡನ್ನೂ ತೀಡಿ, ಹಸಿರು ಬಂದ ಕೂಡಲೇ ಬ್ರಷ್ಷನ್ನು ಅದರ ಮೇಲೆ ಉರುಳಿಸುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅಂಗೈ ಗೆರೆಗಳಲ್ಲಿ ಬಣ್ಣ ಉಳಿದಿರುತ್ತಿತ್ತು. ಅದನ್ನು ನೋಡಿ ಇಂಗ್ಲಿಷ್ ಟೀಚರು ಮೂಗು ಮುರಿಯುತ್ತಿದ್ದರು. ನಾನೂ ಮುರಿಯುತ್ತಿದ್ದೆ.

ಅವರು ನಾಗಮಂಗಲದವರು. ಮೇಷ್ಟರಾಗುವ ಮೊದಲು ಬೆಳ್ಳೂರು ಕ್ರಾಸಿನಲ್ಲಿ ಬಹಳ ವರ್ಷ ಹೋಟೆಲು ಅಂಗಡಿಗಳ ಬೋರ್ಡು ಬರೆದವರು. ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ, ನಾಲೆಯ ಪಕ್ಕ, ತೊಂಬತ್ತರ ದಶಕದ ನಡುವೆ ನಮ್ಮ ಶಾಲೆ ಎದ್ದಾಗ ಅದರ ಗೇಟಿನ ಬೋರ್ಡು ಬರೆದವರೂ ಅವರೇ. ಅಕ್ಷರ ಚೆನ್ನಾಗಿತ್ತೆಂದು ಅವರನ್ನೇ ಡ್ರಾಯಿಂಗ್ ಮೇಷ್ಟರಾಗಿ ಇಟ್ಟುಕೊಂಡರು. ಬೋರ್ಡಿನಲ್ಲಿ ‘ಇಂಟರ್‌ನ್ಯಾಷನಲ್’ ಎಂದಿತ್ತು. ಹಾಗೆಂದರೇನೆಂದು ನಮಗೆ ಯಾರೂ ಹೇಳಲಿಲ್ಲ. ನಮಗೆ ತಿಳಿದಿದ್ದಿಷ್ಟು: ಕನ್ನಡ ಮಾತಾಡಬಾರದು, ಅನ್ನವನ್ನು ಚಮಚದಲ್ಲಿ ತಿನ್ನಬೇಕು.

ಬೆಂಗಳೂರಿನ, ದುಬೈಯ ಮಕ್ಕಳೇ ಹೆಚ್ಚಿದ್ದ ಆ ಶಾಲೆಯಲ್ಲಿ ಸುತ್ತಲಿನ ಐದಾರು ಮಕ್ಕಳಿಗೆ ಸೀಟು ಕೊಟ್ಟಿದ್ದರು. ನಾನು ಅವರಲ್ಲಿ ಒಬ್ಬಳು. ನಮ್ಮೂರು ಹೊಸಹೊಳಲಿನ ಹತ್ತಿರ. ಅಪ್ಪ ಊರ ಹಾಲಿನ ಡೈರಿಯಲ್ಲಿ ಟೆಸ್ಟರ್. ಹಾಸ್ಟೆಲ್ಲಿನ ಹುಡುಗಿಯರಿಗೆ ಮಾತ್ರ ನಾನು, ‘ನಮ್ಮ ಡ್ಯಾಡಿಗೆ ಮೈಸೂರಲ್ಲಿ ಬಿಸಿನೆಸ್ಸು’ ಎಂದಿದ್ದೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಹೊರದೇಶದ ಮೇಷ್ಟರುಗಳ ತಂಡವೊಂದು ಶಾಲೆ ನೋಡಲು ಬರುತ್ತದೆಂದು ಸುದ್ದಿಯಾಯಿತು. ‘ನಾನು ಯಾರು?’ ಎಂಬ ಹೆಸರಿನಲ್ಲಿ ಮಕ್ಕಳ ಚಿತ್ರಪ್ರದರ್ಶನ ಆಗಬೇಕು, ಪ್ರತಿಯೊಂದು ಮಗುವೂ ತನ್ನನ್ನು ತಾನು ಕಂಡುಕೊಳ್ಳಬೇಕು ಎಂದು ಆಫೀಸಿನಿಂದ ಸುತ್ತೋಲೆ ಬಂತು. ಅದನ್ನು ನಿಜವೆಂದು ನಂಬಿದವರು ಇಡೀ ಶಾಲೆಯಲ್ಲಿ ಒಬ್ಬರೇ, ಡ್ರಾಯಿಂಗ್ ಸಾರ್.

ನಾನು ಫ್ರಾಕು ತೊಟ್ಟ ಹುಡುಗಿ, ಮೇಜು, ಮೇಜಿನ ಮೇಲೆ ಗ್ಲೋಬು ಬರೆದುಕೊಟ್ಟೆ. ಸಾರ್ ಹಾಳೆಯನ್ನು ದೂರ ಹಿಡಿದು ನೋಡಿದರು.

“ಕ್ಯಾಲೆಂಡರ್ ಚೆನ್ನಾಗೈತೆ. ನೀನೆಲ್ಲಮ್ಮ ಇದ್ರಲ್ಲಿ?”

“ಇದೇ ನಾನು ಸಾರ್.”

“ಅಲ್ಲ. ಇನ್ನೊಂದ್ಸಲ ಬರಿ.”

ಎರಡು ಗುಡ್ಡ, ನಡುವೆ ಸೂರ್ಯ, ತೆಂಗಿನ ಮರ ಬರೆದೆ. “ಇಂಥಾ ಗುಡ್ಡ ನಾನು ಎಲ್ಲೂ ನೋಡಿಲ್ಲ, ನೀನು ನೋಡಿದ್ದೀಯಾ?” ಎಂದು ವಾಪಸ್ಸು ಕೊಟ್ಟರು. ಮೂರನೆಯದೂ ವಾಪಸ್ಸು ಬಂತು, ನಾಲ್ಕನೆಯದೂ ಬಂತು. ಲೆಕ್ಕದಲ್ಲಿ ನೂರಕ್ಕೆ ತೊಂಬತ್ತು ತೆಗೆಯುತ್ತಿದ್ದವಳು ನಾನು. ಬೋರ್ಡು ಬರೆಯುವ ಮನುಷ್ಯ ನನ್ನನ್ನು ನಾಲ್ಕು ಸಲ ಫೇಲು ಮಾಡಿದ್ದರು. ಹಾಸ್ಟೆಲ್ಲಿನ ಬಾತ್‌ರೂಮಿನಲ್ಲಿ ನಿಂತು ಅತ್ತೆ. ದುಃಖಕ್ಕಲ್ಲ, ರೇಗಿ ಹೋಗಿ.

ಐದನೆಯದನ್ನು ಹಟಕ್ಕೆ ಬಿದ್ದು ಬರೆದೆ. ಬೆಳಗಿನ ಡೈರಿ. ಕ್ಯಾನು, ಚೊಂಬು, ತಂಬಿಗೆ ಹಿಡಿದು ಸಾಲಾಗಿ ನಿಂತ ಹೆಂಗಸರು. ಮೇಜಿನ ಹಿಂದೆ ಅಪ್ಪ. ಅಪ್ಪನ ಪಕ್ಕ ಸ್ಟೂಲು ಹತ್ತಿ, ಲ್ಯಾಕ್ಟೋಮೀಟರನ್ನು ಹಾಲಿಗೆ ಬಿಟ್ಟು, ಕಣ್ಣು ಕಿರಿದು ಮಾಡಿ ಓದುತ್ತಿರುವ ನಾನು. ರಜೆಯಲ್ಲಿ ದಿನವೂ ಅದೇ ನನ್ನ ಕೆಲಸ. ನೀರು ಬೆರೆಸಿದವರನ್ನು ಮುಖ ನೋಡಿಯೇ ಹೇಳುತ್ತಿದ್ದೆ. ಬಾಗಿಲಲ್ಲಿ ಒಂದು ಎಮ್ಮೆಯನ್ನೂ ನಿಲ್ಲಿಸಿದೆ. ಹಾಳೆಯನ್ನು ಸಾರ್ ಮೇಜಿನ ಮೇಲೆ ಬಿಸಾಡಿದಂತೆಯೇ ಇಟ್ಟೆ.

ಅವರು ಹಾಳೆಯನ್ನು ಮತ್ತೆ ದೂರ ಹಿಡಿದು ನೋಡಿದರು. ಆಮೇಲೆ, “ಈಗ ಬಂದೆ ನೋಡು” ಎಂದರು. ಅಷ್ಟೇ. ಅದಕ್ಕಿಂತ ದೊಡ್ಡ ಹೊಗಳಿಕೆ ಅವರಿಂದ ಯಾರಿಗೂ ಸಿಗಲಿಲ್ಲ.

ದುಬೈಯಿಂದ ಬಂದಿದ್ದ ಹುಡುಗನೊಬ್ಬ ಕಟ್ಟಿಟ್ಟ ಸೂಟ್‌ಕೇಸಿನ ಮೇಲೆ ಕೂತು ಊಟ ಮಾಡುತ್ತಿರುವ ತನ್ನನ್ನು ಬರೆದಿದ್ದ. ಬೆಂಗಳೂರಿನ ಹುಡುಗಿಯೊಬ್ಬಳು ತನ್ನ ಚಿತ್ರದಲ್ಲಿ ಬೀಗ ಹಾಕಿದ ಫ್ಲಾಟಿನ ಮೆಟ್ಟಿಲ ಮೇಲೆ ಕಾಯುತ್ತಾ ಕೂತಿದ್ದಳು. ಎಲ್ಲವನ್ನೂ ಸಾರ್ ಒಬ್ಬರೇ ವರಾಂಡದುದ್ದಕ್ಕೂ ಅಂಟಿಸಿದರು. ನನ್ನ ಚಿತ್ರದ ಮುಂದೆ ಹುಡುಗಿಯರು ಗುಂಪು ಕೂಡಿದರು. “ಬಿಸಿನೆಸ್ಸು ಅಂದ್ರೆ ಎಮ್ಮೆ ಬಿಸಿನೆಸ್ಸಾ?” ಎಂದು ಒಬ್ಬಳು ನಕ್ಕಳು.

ತಂಡ ಬರುವ ಹಿಂದಿನ ದಿನ ಆಡಳಿತಾಧಿಕಾರಿ ಮೂವರು ಟೀಚರುಗಳೊಂದಿಗೆ ವರಾಂಡ ನೋಡಲು ಬಂದರು. ಸೂಟ್‌ಕೇಸಿನ ಮುಂದೆ ನಿಂತರು, ಮೆಟ್ಟಿಲ ಮುಂದೆ ನಿಂತರು. ಎಮ್ಮೆಯ ಮುಂದೆ ನಿಂತಾಗ ಮುಖ ಕೆಂಪಾಯಿತು. ನನ್ನನ್ನು ಕರೆದು ಇಂಗ್ಲಿಷಿನಲ್ಲಿ ಕೇಳಿದರು, “ಇದನ್ನು ನೀನೇ ಇಷ್ಟಪಟ್ಟು ಬರೆದೆಯಾ, ಅವರು ಬರೆಸಿದರಾ?”

ಸಾರ್ ಅಲ್ಲೇ ಏಣಿ ಹಿಡಿದು ನಿಂತಿದ್ದರು. ಹುಡುಗಿಯರು ಕಿವಿ ನಿಮಿರಿಸಿದ್ದರು.

“ಸಾರ್ ಬಲವಂತ ಮಾಡಿದರು. ನಮ್ಮ ಮನೆ ಹೀಗಿಲ್ಲ” ಎಂದೆ.

ಸಂಜೆಯೊಳಗೆ ಎಲ್ಲ ಚಿತ್ರಗಳೂ ಇಳಿದವು. ಆ ಜಾಗದಲ್ಲಿ ದೇಶದೇಶದ ಬಾವುಟಗಳು ನೇತಾಡಿದವು. ಬಂದವರು ಬಾವುಟ ನೋಡಿ, ಫೋಟೋ ತೆಗೆಸಿಕೊಂಡು, ಜ್ಯೂಸು ಕುಡಿದು ಹೋದರು.

ವಾರ ಕಳೆದ ಮೇಲೆ ಸಾರ್ ನನ್ನನ್ನು ಡ್ರಾಯಿಂಗ್ ರೂಮಿಗೆ ಕರೆದರು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆ ಕೊಟ್ಟು, “ಸಹಿ ಮಾಡು ಅಂತ ಕೊಟ್ಟವ್ರೆ. ಏನೈತೆ ಓದೇಳು ಬೇಟಿ. ಬೇರೆಯೋರ್ನ ಕೇಳಾಕೆ ನಂಗ್ಯಾಕೋ ಮನಸಾಗ್ನಿಲ್ಲ” ಎಂದರು.

ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳತೊಡಗಿದೆ. ಸಿಲಬಸ್ಸು ಬಿಟ್ಟು ಪಾಠ ಮಾಡಿದ್ದೇನೆ. ಮಕ್ಕಳ ಮನೆಯ ಸ್ಥಿತಿಗತಿ ಬಯಲಾಗುವಂತೆ ಮಾಡಿದ್ದೇನೆ. ಮುಂದಿನ ಸಾಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದೆ. ನಾನು ಬಲವಂತದಿಂದ ಬರೆಸಿದೆನೆಂದು ಒಬ್ಬ ವಿದ್ಯಾರ್ಥಿನಿಯೇ ಹೇಳಿದ್ದಾಳೆ.

“ಯಾಕ್ ನಿಂತ್ಕಂಡೆ? ಓದು.”

ಓದಿದೆ. ಅವರು ತಲೆಯಾಡಿಸಿದರು. “ದಿಟಾನೆ ಅಲ್ವಾ. ಐದು ಸಲ ಬರೆಸಿದ್ದು ನಾನೇ. ಮುಂದಕ್ಕೇನೈತೆ?”

“ಆ ಚಿತ್ರಗಳು ಪ್ರದರ್ಶನಕ್ಕೆ ಇಡುವ ಮಟ್ಟದವಲ್ಲ ಎಂದು ಒಪ್ಪುತ್ತೇನೆ, ಅಂತ ಇದೆ ಸಾರ್.”

“ಯಾವ್ ಸಾಲು ಅದು? ಬೆಳ್ಳಿಟ್ಟು ತೋರ್ಸು.”

ಬೆರಳಿಟ್ಟು ತೋರಿಸಿದೆ. ಸಾರ್ ಜೇಬಿನಿಂದ ಪೆನ್ನು ತೆಗೆದು, ಸ್ಕೇಲು ಇಟ್ಟು, ಆ ಸಾಲನ್ನು ನೇರವಾಗಿ ಹೊಡೆದರು. “ಬಾಕಿದಕ್ಕೆಲ್ಲಾ ಸಹಿ ಮಾಡ್ತೀನಿ. ಇದು ಸುಳ್ಳು. ಚಿತ್ರ ಚೆನ್ನಾಗವೆ.” ಕೆಳಗೆ ಕನ್ನಡದಲ್ಲಿ ದುಂಡಗೆ ಸಹಿ ಮಾಡಿದರು.

ಆ ಒಂದು ಗೆರೆಗಾಗಿ ಅವರ ಕೆಲಸ ಹೋಯಿತು. ಸುಮ್ಮನೆ ಸಹಿ ಮಾಡಿದ್ದರೆ ಉಳಿಯುತ್ತಿತ್ತು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಶಾಲೆಯ ಮೇಲೆ, ನನ್ನ ಮೇಲೆ, ಕೆಲವು ಸಲ ಅವರ ಮೇಲೂ.

ಕಾಲೇಜಿಗೆ ಸೇರಿದ ಮೇಲೆ ಒಂದು ದಿನ ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ಬದಲಿಸುವಾಗ ಅವರನ್ನು ಕಂಡೆ. ಏಣಿಯ ಮೇಲೆ ನಿಂತು ಬೇಕರಿಯೊಂದರ ಬೋರ್ಡು ಬರೆಯುತ್ತಿದ್ದರು. ಇಳಿದು ಬಂದು ಚಾ ಕುಡಿಸಿದರು, ಅಪ್ಪನ ಆರೋಗ್ಯ ವಿಚಾರಿಸಿದರು.

“ಸಾರ್, ಆವತ್ತು ವರಾಂಡದಲ್ಲಿ ನಾನು…”

“ಅರೆ, ಬುಡಮ್ಮ. ನೀನು ಎಂಟನೇ ಕ್ಲಾಸಿನ ಮಗು. ದೊಡ್ಡೋರು ನಾಕ್ ಜನ ನಿಂತಿದ್ರು. ಅವ್ರೇ ಬಾಯಿ ಬುಡ್ನಿಲ್ಲ.” ಗ್ಲಾಸು ಇಟ್ಟು ಮತ್ತೆ ಏಣಿ ಹತ್ತಿದರು. ನಾನು ವರ್ಷಗಟ್ಟಲೆ ಕಟ್ಟಿಟ್ಟುಕೊಂಡಿದ್ದ ಮಾತನ್ನು ಆಡಲು ಬಿಡಲೇ ಇಲ್ಲ. ಅಷ್ಟು ಸುಲಭವಾಗಿ ಕ್ಷಮಿಸಿಬಿಡುವುದೂ ಒಂದು ಬಗೆಯ ಶಿಕ್ಷೆಯೆಂದು ಬಸ್ಸಿನಲ್ಲಿ ಕೂತ ಮೇಲೆ ತಿಳಿಯಿತು.

ಮಾರನೆಯ ವರ್ಷ ಅದೇ ಬೇಕರಿಯವರು ಹೇಳಿದರು, ಸಾರ್ ಎದೆನೋವಿನಿಂದ ತೀರಿಕೊಂಡು ತಿಂಗಳಾಯಿತೆಂದು. ವಿಳಾಸ ಕೇಳಿಕೊಂಡು ನಾಗಮಂಗಲದ ಅವರ ಮನೆಗೆ ಹೋದೆ. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿ ಚಾ ತಂದಿಟ್ಟರು.

“ಅವರ ಸ್ಕೂಲಿನ ಹುಡುಗೀನಾ? ಪೋಸ್ಟೇ ತೆಗೆದುಬುಟ್ರು ಅಂತ ಹೇಳಿದ್ರಮ್ಮ. ಮಕ್ಕಳು ಬಾಳ ಒಳ್ಳೇವು ಅಂತಿದ್ರು.”

ಮನೆಯಲ್ಲೂ ಅವರು ನನ್ನ ಸುಳ್ಳನ್ನು ಹೇಳಿರಲಿಲ್ಲ. ಹೆಂಡತಿಗೂ ಗೊತ್ತಿರಲಿಲ್ಲ. ನಾನು ಸುಮ್ಮನೆ ಎದ್ದು ಬರಬಹುದಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಕೂತೇ ಇದ್ದೆ. ಎಮ್ಮೆಯ ಚಿತ್ರದಿಂದ ಹಿಡಿದು, ಆಡಳಿತಾಧಿಕಾರಿಯ ಮುಂದೆ ನಾನಾಡಿದ ಮಾತು, ಅವರು ಹೊಡೆದುಹಾಕಿದ ಸಾಲಿನವರೆಗೆ ಒಂದೂ ಬಿಡದೆ ಹೇಳಿದೆ. ಆಕೆ ಬಾಗಿಲ ಕಡೆ ನೋಡುತ್ತಾ ಕೇಳಿಸಿಕೊಂಡರು. ಮುಗಿದ ಮೇಲೆ, ಬೈದರೆ ಸಾಕಿತ್ತು ಎಂದು ಕಾಯುತ್ತಿದ್ದೆ.

ಆಕೆ ನನ್ನ ಮುಂದಿದ್ದ ಗ್ಲಾಸನ್ನು ಮುಟ್ಟಿ ನೋಡಿದರು.

“ಆರೋಗೈತಮ್ಮ. ಇರು, ಬಿಸಿ ಮಾಡ್ಕೊಂಡು ಬರ್ತೀನಿ” ಎಂದು ಗ್ಲಾಸು ತೆಗೆದುಕೊಂಡು ಒಳಗೆ ಹೋದರು.