ಗೋಡೆ ಸುತ್ತಿ ಬಂದ ಹಾಲು

ವೇಮಗಲ್ ಹತ್ತಿರದ ಹಳ್ಳಿಯೊಂದರ ಹಾಲಿನ ಡೈರಿ ಮುಂದೆ ಬಸ್ಸಿಗೆ ಕಾಯುತ್ತಿದ್ದೇನೆ. ಊರಿಗೂ ಡೈರಿಗೂ ನಡುವೆ ಹೊಸ ಲೇಔಟ್ ಎದ್ದಿದೆ. ಸುತ್ತ ಎತ್ತರದ ಗೋಡೆ, ದೂರದ ಹೆದ್ದಾರಿಯ ಕಡೆಗೆ ಒಂದೇ ಗೇಟು. ಮೊದಲು ಕಾಲುದಾರಿಯಲ್ಲಿ ಡೈರಿಗೆ ಹಾಲು ಹಾಕಲು ನಡೆದು ಬರುತ್ತಿದ್ದ ಊರಿನ ರತ್ನಮ್ಮ ಈಗ ಮಗನ ಬೈಕಿನ ಹಿಂದೆ ಹಾಲಿನ ಕ್ಯಾನು ತಬ್ಬಿಕೊಂಡು, ಹೆದ್ದಾರಿಯ ಲಾರಿಗಳ ನಡುವೆ ಬರುತ್ತಾರೆ. ಕಾಲುದಾರಿ ನುಂಗಿದ ಆ ಗೋಡೆಯೊಳಗೆ ವಾಕಿಂಗಿಗೆಂದೇ ಕಲ್ಲು ಹಾಸಿದ್ದಾರಂತೆ. ಆ ನಕ್ಷೆ ಗೀಚಿದವನನ್ನು ಈ ಬೈಕಿನ ಹಿಂದೆ ಒಂದು ದಿನ ಕೂರಿಸಬೇಕು.

ಅಷ್ಟರಲ್ಲಿ ಲೇಔಟಿನವರೊಬ್ಬರು ವಾಕಿಂಗ್ ಶೂಗಳಲ್ಲೇ ಕಾರಿನಿಂದಿಳಿದು ಹಾಲು ಕೇಳಿದರು. ರತ್ನಮ್ಮ ಆಗಷ್ಟೇ ತಂದಿದ್ದ ಹಾಲನ್ನೇ ಡೈರಿಯವನು ಅಳೆದುಕೊಟ್ಟ.

"ನಿಮ್ಮನೆ ಹಿಂದಿನ ಗೋಡೆ ಪಕ್ಕದಲ್ಲೇ ನಮ್ಮ ಹಸ ಕಟ್ಟಿರೋದು ಸ್ವಾಮಿ" ಎಂದರು ರತ್ನಮ್ಮ. "ಈ ಕಡೆ ಒಂದು, ಆ ಕಡೆ ಒಂದು ಸಣ್ಣ ಬಾಗಿಲು ಇಡ್ಸಿ. ನಾವೂ ನಡ್ಕೊಂಡು ಬರ್ತೀವಿ, ನೀವೂ ಬರ್ಬೋದು."

"ಸೇಫ್ಟಿ ಇರಲ್ಲಮ್ಮ. ಯಾರ್ಯಾರೋ ಒಳಗೆ ಬರ್ತಾರೆ."

"ಯಾರ್ಯಾರೋ ಅಂದ್ರೆ ನಾವೇನಾ?"

ಅವರು ಕಾರಿನ ಬಾಗಿಲು ತೆರೆದರು. ಕೆಚ್ಚಲಿನ ಬಿಸಿ ಇನ್ನೂ ಆರದ ಹಾಲನ್ನು ಸೀಟಿನ ಮೇಲಿಟ್ಟುಕೊಂಡು, ಹೆದ್ದಾರಿ ಸುತ್ತಿ, ಮತ್ತೆ ಅದೇ ಹಸುವಿನ ಪಕ್ಕಕ್ಕೆ ಹೊರಟರು.